ಬಂಗಾರದ ಸೂಜಿ: ಎದೆಯ ಚುಚ್ಚುಮದ್ದಿನ ಒಂದೂಕಾಲು ಶತಮಾನ

ಬಂಗಾರದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳಲಾದೀತೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಗಾದೆ ಹಳೆಯದು, ಆದರೆ ಜನ ಗಾದೆಯನ್ನು ಕೇಳಿ ನಡೆಯುತ್ತಾರೆಂದು ಹೇಳುವಂತಿಲ್ಲ. ಕಳೆದ ಒಂದೂಕಾಲು ಶತಮಾನದಲ್ಲಿ ಯೂರೋಪ್, ಅಮೆರಿಕ, ಜಪಾನ್, ಚೀನಾ ಮೊದಲಾದ ದೇಶಗಳ ಅಸಂಖ್ಯಾತ ಹೆಂಗಸರು ಸೌಂದರ್ಯದ ಆಸೆಯಿಂದ ತಮ್ಮ ಎದೆಗೆ ಸೂಜಿ ಚುಚ್ಚಿಸಿಕೊಂಡರು. ಸೂಜಿಯಲ್ಲಿದ್ದ ವಸ್ತು ಒಮ್ಮೆ ಮೇಣವಾಗಿತ್ತು, ಒಮ್ಮೆ ಸಿಲಿಕೋನ್ ದ್ರವವಾಗಿತ್ತು, ಇನ್ನೊಮ್ಮೆ ಲೋಳೆಯಂಥ ಜೆಲ್ ಆಗಿತ್ತು. ಪ್ರತಿಸಲವೂ ಮೊದಲ ಕೆಲವು ತಿಂಗಳು ಎಲ್ಲರಿಗೂ ಸಂತೋಷ. ಪ್ರತಿಸಲವೂ ವರ್ಷಗಳು ಉರುಳಿದ ಮೇಲೆ ಕಣ್ಣೀರು. ಅದು ಏಕೆ ಹೀಗಾಯಿತು, ಒಮ್ಮೆ ಕಲಿತ ಪಾಠವನ್ನು ವೈದ್ಯರೂ ಸಮಾಜವೂ ಮತ್ತೆ ಮತ್ತೆ ಮರೆತದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಇಂಥ ವಿಷಯವನ್ನು ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯಲ್ಲಿ ಎತ್ತುವುದು ಉಚಿತವೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಅವರ ಸಂಕೋಚ ನಮಗೆ ಅರ್ಥವಾಗುತ್ತದೆ. ಆದರೆ ಮುಂದೆ ಕಾಣುವಂತೆ, ಈ ಇತಿಹಾಸದಲ್ಲಿ ಮೇಣಕ್ಕಿಂತಲೂ ಜೆಲ್‌ಗಿಂತಲೂ ಹೆಚ್ಚು ಹಾನಿ ಮಾಡಿದ್ದು ಈ ಸಂಕೋಚವೇ. ಆದ್ದರಿಂದ ಮರೆಮಾಚದೆ ಬರೆಯುವುದೇ ಮೇಲು.

ವಿಯೆನ್ನಾದ ಮೇಣ

ಕಥೆ ಆರಂಭವಾಗುವುದು ಆಸ್ಟ್ರಿಯದ ರಾಜಧಾನಿ ವಿಯೆನ್ನಾದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ನಗರ ಶಸ್ತ್ರವೈದ್ಯಕ್ಕೆ ಕಾಶಿಯಂತಿತ್ತು. ಅಲ್ಲಿನ ಪ್ರಸಿದ್ಧ ಶಸ್ತ್ರವೈದ್ಯ ಬಿಲ್‌ರೋಟ್ ಅವರ ಶಿಷ್ಯರಲ್ಲೊಬ್ಬರು ರಾಬರ್ಟ್ ಗೆರ್ಸೂನಿ. ಕ್ಷಯರೋಗದಿಂದಾಗಿ ವೃಷಣಗಳನ್ನು ತೆಗೆಸಿಕೊಂಡಿದ್ದ ಒಬ್ಬ ತರುಣನಿಗೆ, ಆ ಕೊರತೆ ಹೊರಗೆ ಕಾಣದಿರಲೆಂದು, 1899ರಲ್ಲಿ ಅವರು ಕರಗಿಸಿದ ವ್ಯಾಸಲೀನನ್ನು ಚುಚ್ಚಿ ತುಂಬಿದರು. ಫಲ ಚೆನ್ನಾಗಿಯೇ ಕಂಡಿತು. 1900ರಲ್ಲಿ ಅವರು ಈ ವಿಧಾನವನ್ನು ಪ್ರಕಟಿಸಿದರು. ಉದ್ದೇಶ ದುಷ್ಟವಾದದ್ದೇನಲ್ಲ, ನೊಂದ ಒಬ್ಬ ರೋಗಿಯ ಮಾನ ಕಾಯುವ ಪ್ರಯತ್ನ ಅದು.

ವ್ಯಾಸಲೀನ್ ಮತ್ತು ಪ್ಯಾರಾಫಿನ್ ಎರಡೂ ಕಲ್ಲೆಣ್ಣೆಯಿಂದ ಬರುವ ಪದಾರ್ಥಗಳು. ಮೇಣದ ಬತ್ತಿ ಮಾಡುವುದು ಪ್ಯಾರಾಫಿನ್‌ನಿಂದಲೇ. ಅವು ಕೊಳೆಯುವುದಿಲ್ಲ, ಹುಳಿಯುವುದಿಲ್ಲ, ಆಮ್ಲಕ್ಕೂ ಕ್ಷಾರಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ‘ಯಾವುದರೊಡನೆಯೂ ಬೆರೆಯದ ವಸ್ತು ದೇಹಕ್ಕೆ ಏನು ತಾನೇ ಮಾಡೀತು?’ ಎಂದು ಅಂದಿನ ವೈದ್ಯರು ತರ್ಕಿಸಿದರು. ಈ ತರ್ಕವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಸಿಲಿಕೋನ್ ಬಂದಾಗ ಇದನ್ನೇ ಹೇಳಿದರು. ಜೆಲ್ ಬಂದಾಗಲೂ ಇದನ್ನೇ ಹೇಳಿದರು.

ವಿಧಾನ ಬೇಗನೆ ಹಬ್ಬಿತು. ಫರಂಗಿ ರೋಗದಿಂದ ಮೂಗಿನ ಸೇತುವೆ ಕುಸಿದವರಿಗೆ, ಕೆನ್ನೆ ಗುಳಿಬಿದ್ದವರಿಗೆ, ಮುಖ ಸುಕ್ಕಾದವರಿಗೆ, ಕೊನೆಗೆ ಎದೆ ದೊಡ್ಡದಾಗಿ ಕಾಣಬೇಕೆಂಬ ಹೆಂಗಸರಿಗೆ ಈ ಚುಚ್ಚುಮದ್ದು ಬಂತು. ಶಸ್ತ್ರಕ್ರಿಯೆ ಇಲ್ಲ, ಗಾಯದ ಕಲೆ ಇಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಮೃದುವಾದ ವ್ಯಾಸಲೀನ್ ಒಳಗೆ ಹರಿದುಹೋಗುತ್ತದೆಂದು ಕಂಡಾಗ ಬರ್ಲಿನ್ನಿನ ಎಕ್‌ಸ್ಟೈನ್ ಎಂಬ ವೈದ್ಯರು ಹೆಚ್ಚು ಶಾಖಕ್ಕೆ ಮಾತ್ರ ಕರಗುವ ಗಟ್ಟಿ ಪ್ಯಾರಾಫಿನನ್ನು ಬಳಸಿದರು. ಬಳಸಿದ ಮೇಣ ಬದಲಾಯಿತೇ ಹೊರತು, ಅದನ್ನು ದೇಹದೊಳಗೆ ಬಿಡಬೇಕೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ದೇಹ ಸುಮ್ಮನಿರಲಿಲ್ಲ

ದುಷ್ಪರಿಣಾಮಗಳು ಎರಡು ಬಗೆಯಲ್ಲಿ ಬಂದವು. ಒಂದು ಬಗೆ ತತ್‌ಕ್ಷಣದ್ದು. ಸೂಜಿ ರಕ್ತನಾಳವನ್ನು ಹೊಕ್ಕರೆ ಮೇಣ ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ ಅಡರಿಕೊಂಡಿತು. ಮೂಗಿಗೆ ಚುಚ್ಚಿಸಿಕೊಂಡವರಲ್ಲಿ ಕೆಲವರು ಕಣ್ಣನ್ನೇ ಕಳೆದುಕೊಂಡರು. ಇವು ಕೂಡಲೇ ಕಂಡ ಅನಾಹುತಗಳಾದ್ದರಿಂದ ವೈದ್ಯರು ಬೇಗನೆ ಬರೆದಿಟ್ಟರು.

ಇನ್ನೊಂದು ಬಗೆ ನಿಧಾನದ್ದು. ಅದೇ ಹೆಚ್ಚು ಘೋರವಾದದ್ದು. ಹೊರಗಿನ ವಸ್ತು ಒಳಹೊಕ್ಕಾಗ ನಮ್ಮ ದೇಹ ಅದನ್ನು ಕರಗಿಸಲು ನೋಡುತ್ತದೆ. ಕರಗದಿದ್ದರೆ ಕೆಲವು ಜೀವಕೋಶಗಳು ಅದನ್ನು ನುಂಗಲು ನೋಡುತ್ತವೆ. ನುಂಗಲೂ ಆಗದಿದ್ದರೆ ಸುತ್ತ ನಾರಿನ ಗೋಡೆ ಕಟ್ಟಿ ಸೆರೆಯಿಡುತ್ತದೆ. ಕಾಲಿಗೆ ನೆಟ್ಟ ಮುಳ್ಳಿನ ಸುತ್ತ ಗಂಟು ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಮೇಣವಾದರೋ ಒಂದು ಮುಳ್ಳಲ್ಲ. ಅದು ಸಾವಿರಾರು ಸಣ್ಣ ಹನಿಗಳಾಗಿ ಒಡೆದು ಮಾಂಸದ ಎಳೆಎಳೆಯ ನಡುವೆ ಸೇರಿರುತ್ತದೆ. ಪ್ರತಿ ಹನಿಯ ಸುತ್ತಲೂ ಒಂದೊಂದು ಗೋಡೆ. ಹೀಗೆ ಹುಟ್ಟುವ ಗಂಟಿಗೆ ವೈದ್ಯರು ‘ಪ್ಯಾರಾಫಿನೋಮ’ ಎಂದು ಹೆಸರಿಟ್ಟರು. ಎದೆ ಮೊದಲು ಗಟ್ಟಿಯಾಗುತ್ತದೆ, ಆಮೇಲೆ ನೋಯುತ್ತದೆ, ಚರ್ಮ ಕೆಂಪಾಗಿ ನೀಲಿಗಟ್ಟುತ್ತದೆ, ಕೊನೆಗೆ ಹುಣ್ಣಾಗಿ ಒಡೆದು ಮೇಣವೂ ಕೀವೂ ಸೋರತೊಡಗುತ್ತವೆ. ಕೆಲವು ಹನಿಗಳು ಕಂಕುಳಿನ ಗ್ರಂಥಿಗಳನ್ನು ಸೇರುತ್ತವೆ.

ಇದಕ್ಕೆಲ್ಲ ಎಷ್ಟು ಕಾಲ ಬೇಕು? ಇಲ್ಲಿಯೇ ಇಡೀ ಕಥೆಯ ಗುಟ್ಟಿದೆ. ಕೆಲವರಲ್ಲಿ ಎರಡೇ ವರ್ಷ, ಕೆಲವರಲ್ಲಿ ಹತ್ತು, ಮತ್ತೆ ಕೆಲವರಲ್ಲಿ ಮೂವತ್ತು, ನಲವತ್ತು ವರ್ಷ. ಇಪ್ಪತ್ತೈದರ ಹರೆಯದಲ್ಲಿ ಚುಚ್ಚಿಸಿಕೊಂಡಾಕೆಗೆ ಅರವತ್ತರಲ್ಲಿ ಹುಣ್ಣು ಕಾಣಬಹುದು. ಅಷ್ಟು ಹೊತ್ತಿಗೆ ಚುಚ್ಚಿದ ವೈದ್ಯರು ತಮ್ಮ ಯಶಸ್ಸನ್ನು ಪ್ರಕಟಿಸಿ, ಹೆಸರು ಗಳಿಸಿ, ಪರಲೋಕ ಸೇರಿ ಎಷ್ಟೋ ಕಾಲವಾಗಿರುತ್ತದೆ. ವೈದ್ಯರ ಲೆಕ್ಕ ತಿಂಗಳುಗಳದ್ದು. ದೇಹದ ಲೆಕ್ಕ ದಶಕಗಳದ್ದು.

ಈ ನಿಧಾನದ ಶಿಕ್ಷೆಗೆ ಅಂದಿನ ಯೂರೋಪಿನಲ್ಲಿ ಒಬ್ಬ ಪ್ರಸಿದ್ಧ ಸುಂದರಿಯೂ ಗುರಿಯಾದಳು. ಅವಳ ಕಷ್ಟ ಎದೆಯದಲ್ಲ, ಮುಖದ್ದು. ಆದರೆ ವಸ್ತು ಅದೇ. ಗ್ಲಾಡಿಸ್ ಡೀಕನ್ ಎಂಬ ಈ ಹೆಂಗಸು 1881ರಲ್ಲಿ ಹುಟ್ಟಿದವಳು. ಗ್ರೀಕ್ ಶಿಲ್ಪಗಳ ಮೂಗಿನಂತೆ ತನ್ನ ಮೂಗೂ ಹಣೆಯಿಂದ ನೇರವಾಗಿ ಇಳಿಯಬೇಕೆಂದು ಇಪ್ಪತ್ತರ ಆಸುಪಾಸಿನಲ್ಲಿ ಮೂಗಿನ ಬುಡಕ್ಕೆ ಮೇಣ ಚುಚ್ಚಿಸಿಕೊಂಡಳು. ಕಾಲಕ್ರಮದಲ್ಲಿ ಮೇಣ ಕೆಳಗಿಳಿದು ಗಲ್ಲದವರೆಗೆ ಹರಡಿ ಮುಖದ ರೂಪವೇ ಕೆಟ್ಟಿತು. 1921ರಲ್ಲಿ ಆಕೆ ಇಂಗ್ಲೆಂಡಿನ ಮಾರ್ಲ್‌ಬರೋ ಡ್ಯೂಕ್‌ನ ಹೆಂಡತಿಯಾದಳು. ಆದರೆ ಸುಖ ಸಿಗಲಿಲ್ಲ. ಕಡೆಗೆ ಜನರಿಂದ ಮರೆಯಾಗಿ ಬದುಕಿ 1977ರಲ್ಲಿ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಬ್ಲೆನಿಮ್ ಅರಮನೆಯ ಮುಖಮಂಟಪದ ಛಾವಣಿಯಲ್ಲಿ ಬರೆಸಿದ ಅವಳ ಕಣ್ಣುಗಳ ಚಿತ್ರವನ್ನು ಇಂದಿಗೂ ನೋಡಬಹುದು. ಕಣ್ಣು ಉಳಿಯಿತು, ಮುಖ ಉಳಿಯಲಿಲ್ಲ.

1911ರಲ್ಲಿ ಅಮೆರಿಕದ ಫ್ರೆಡರಿಕ್ ಕೋಲ್ ಎಂಬ ಶಸ್ತ್ರವೈದ್ಯರು ಸೌಂದರ್ಯ ಶಸ್ತ್ರಚಿಕಿತ್ಸೆಯ ಬಗ್ಗೆ ದೊಡ್ಡ ಗ್ರಂಥ ಬರೆದಾಗ ಪ್ಯಾರಾಫಿನ್‌ನ ಅಪಾಯಗಳ ಉದ್ದನೆಯ ಪಟ್ಟಿಯನ್ನೇ ಅದರಲ್ಲಿ ಕೊಟ್ಟರು. ಆದರೆ ಅದೇ ಗ್ರಂಥದಲ್ಲಿ ಪ್ಯಾರಾಫಿನನ್ನು ಹೇಗೆ ಚುಚ್ಚಬೇಕೆಂಬ ವಿವರವೂ ಇತ್ತು. ಎಚ್ಚರಿಕೆ ಮತ್ತು ವ್ಯಾಪಾರ ಒಂದೇ ಪುಸ್ತಕದ ಎರಡು ಪುಟಗಳಲ್ಲಿ ಅಕ್ಕಪಕ್ಕ ಕುಳಿತಿದ್ದವು. ಪಶ್ಚಿಮದಲ್ಲಿ ಮೊದಲನೆಯ ಮಹಾಯುದ್ಧದ ಹೊತ್ತಿಗೆ ಮೇಣದ ಬಳಕೆ ಬಹುಮಟ್ಟಿಗೆ ನಿಂತಿತು. ಪೂರ್ವ ಏಷ್ಯದಲ್ಲಿ ಮಾತ್ರ ಅದು 1950, 60ರ ದಶಕಗಳವರೆಗೂ ನಡೆದೇ ಇತ್ತು.

ಯುದ್ಧದ ವಸ್ತು ಎದೆಗೆ ಬಂತು

ಮೇಣ ಹೋಯಿತು, ಸಿಲಿಕೋನ್ ಬಂತು. ಸಿಲಿಕೋನ್ ಎಂಬುದು ಮರಳಿನಲ್ಲಿರುವ ಸಿಲಿಕಾನ್ ಮೂಲವಸ್ತುವಿನಿಂದ ರಸಾಯನ ವಿಜ್ಞಾನಿಗಳು ತಯಾರಿಸಿದ ಪದಾರ್ಥ. ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಅಮೆರಿಕದಲ್ಲಿ 1943ರಲ್ಲಿ ಡೌ ಕಾರ್ನಿಂಗ್ ಎಂಬ ಕಂಪನಿ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಎತ್ತರಕ್ಕೆ ಹಾರುವ ವಿಮಾನಗಳ ವಿದ್ಯುತ್ ಭಾಗಗಳಿಗೆ ತೇವ ತಾಗದಂತೆ ತಡೆಯಲು ಅದು ಬಹಳ ಉಪಯೋಗಕ್ಕೆ ಬಂತು. ಶಾಖಕ್ಕೂ ಚಳಿಗೂ ಕೆಡದ, ಯಾವುದರೊಡನೆಯೂ ಬೆರೆಯದ ದ್ರವ. ಹಳೆಯ ತರ್ಕ ಮತ್ತೆ ತಲೆಯೆತ್ತಲು ಇಷ್ಟು ಸಾಕಾಗಿತ್ತು.

ಯುದ್ಧದಲ್ಲಿ ಸೋತ ಜಪಾನಿನಲ್ಲಿ ಅಮೆರಿಕದ ಸೈನ್ಯ ಬೀಡುಬಿಟ್ಟಿತ್ತು. ಹೊಟ್ಟೆಪಾಡಿಗಾಗಿ ಆ ಸೈನಿಕರನ್ನೇ ನೆಚ್ಚಿಕೊಂಡ ಹೆಣ್ಣುಗಳು ಬಹಳ ಮಂದಿ ಇದ್ದರು. ಸೈನಿಕರಿಗೆ ತಮ್ಮ ದೇಶದ ಹೆಂಗಸರಂಥ ಮೈಕಟ್ಟು ಬೇಕಾಗಿತ್ತು. ಯಂತ್ರಗಳಿಗೆಂದು ತಯಾರಾದ ಸಿಲಿಕೋನ್ ದ್ರವವನ್ನು ಈ ಹೆಣ್ಣುಗಳ ಎದೆಗೆ ಚುಚ್ಚುವ ಪದ್ಧತಿ ಅಲ್ಲಿ ಬೆಳೆಯಿತು. ಶುದ್ಧ ಸಿಲಿಕೋನ್ ಇದ್ದಲ್ಲಿ ನಿಲ್ಲದೆ ಹರಿದುಹೋಗುತ್ತದೆಂದು ಕಂಡಾಗ ಅದಕ್ಕೆ ಸಸ್ಯದ ಎಣ್ಣೆ, ಪ್ರಾಣಿಯ ಕೊಬ್ಬಿನ ಅಂಶ ಮೊದಲಾದವನ್ನು ಬೆರೆಸಿದರು. ಏಕೆಂದರೆ ಇವು ಮಾಂಸವನ್ನು ಕೆರಳಿಸಿ ಸುತ್ತ ಗಾಯದ ನಾರು ಬೆಳೆಯುವಂತೆ ಮಾಡುತ್ತವೆ. ಆ ನಾರು ದ್ರವವನ್ನು ಹಿಡಿದು ನಿಲ್ಲಿಸುತ್ತದೆ. ವಾಚಕರು ಗಮನಿಸಬೇಕು: ಮೇಣದ ಕಾಲದಲ್ಲಿ ಯಾವುದು ರೋಗವೆನಿಸಿತ್ತೋ ಅದನ್ನೇ ಇಲ್ಲಿ ಬೇಕೆಂದು ಬರಿಸಿಕೊಂಡರು! ‘ಸಕುರೈ ಮಿಶ್ರಣ’ ಎಂಬ ಹೆಸರಿನಲ್ಲಿ ಇಂಥದೊಂದು ತಯಾರಿಕೆ ಅಮೆರಿಕಕ್ಕೂ ಹೋಯಿತು.

1964ರಲ್ಲಿ ಜಪಾನಿನ ಮಿಯೋಶಿ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ವಿಷಯವನ್ನು ವರದಿ ಮಾಡಿದರು. ಎದೆಗೆ ಇಂಥ ವಸ್ತುಗಳನ್ನು ಚುಚ್ಚಿಸಿಕೊಂಡ ಕೆಲವು ಹೆಂಗಸರಿಗೆ ವರ್ಷಗಳ ನಂತರ ಜ್ವರ, ಕೀಲುನೋವು, ಗ್ರಂಥಿಗಳ ಊತ ಮೊದಲಾದ ತೊಂದರೆಗಳು ಇಡೀ ಮೈಯಲ್ಲಿ ಕಂಡುಬಂದಿದ್ದವು. ದೇಹದ ರಕ್ಷಣಾ ವ್ಯವಸ್ಥೆಯೇ ಸದಾ ಕೆರಳಿದ ಸ್ಥಿತಿಯಲ್ಲಿರುವುದು ಕಾರಣವಿರಬಹುದೆಂದು ಅವರ ಊಹೆ. ಈ ಊಹೆಯ ಮೇಲೆ ಮುಂದೆ ದಶಕಗಟ್ಟಲೆ ವಾದವಿವಾದ ನಡೆಯಿತು. ಚೀಲದಲ್ಲಿ ಮುಚ್ಚಿಟ್ಟ ಸಿಲಿಕೋನ್‌ಗೂ ಇಂಥ ರೋಗಗಳಿಗೂ ಸಂಬಂಧ ಇದೆಯೆನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ವಿದ್ವಾಂಸರ ಸಮಿತಿಯೊಂದು 1999ರಲ್ಲಿ ಹೇಳಿತು. ಆದರೆ ಚೀಲವಿಲ್ಲದೆ ನೇರವಾಗಿ ಚುಚ್ಚಿದ ದ್ರವ ಗಂಟು, ಹುಣ್ಣು, ಕೀವು ಉಂಟುಮಾಡುತ್ತದೆಂಬುದರಲ್ಲಿ ಯಾವ ವಾದವೂ ಇಲ್ಲ.

ನೆವಾಡದ ಕಾನೂನು

1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ನೃತ್ಯಗೃಹದಲ್ಲಿ ಕೆರಲ್ ಡೋಡಾ ಎಂಬ ನರ್ತಕಿ ಎದೆಯ ಮೇಲೆ ಬಟ್ಟೆಯಿಲ್ಲದೆ ಕುಣಿದು ದೇಶವನ್ನೇ ಬೆರಗುಗೊಳಿಸಿದಳು. ತಾನು ಸಿಲಿಕೋನ್ ಚುಚ್ಚಿಸಿಕೊಂಡದ್ದನ್ನು ಆಕೆ ಮುಚ್ಚಿಡಲಿಲ್ಲ. ಪತ್ರಿಕೆಗಳು ಬರೆದವು, ಬೇಡಿಕೆ ಏರಿತು. ಜೂಜು ಮತ್ತು ನೃತ್ಯಗಳ ನಗರವಾದ ಲಾಸ್ ವೇಗಸ್‌ನಲ್ಲಿ ನರ್ತಕಿಯರಿಗೆ ಇದು ಉದ್ಯೋಗದ ಅವಶ್ಯಕತೆಯೇ ಆಯಿತು. ಅದೊಂದೇ ನಗರದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ ಹೆಂಗಸರು ಚುಚ್ಚಿಸಿಕೊಂಡಿದ್ದರೆಂದು ಅಂದಾಜು ಮಾಡಿದ್ದಾರೆ. ಅವರಲ್ಲಿ ನರ್ತಕಿಯರಷ್ಟೇ ಅಲ್ಲ, ಸಾಮಾನ್ಯ ಗೃಹಿಣಿಯರೂ ಇದ್ದರು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1960ರ ದಶಕದಲ್ಲಿಯೇ ಸಿಲಿಕೋನ್ ದ್ರವವನ್ನು ಔಷಧಿಯೆಂದು ಪರಿಗಣಿಸಿ ನಿಯಂತ್ರಣಕ್ಕೆ ತಂದಿತ್ತು. ಎದೆಗೆ ಚುಚ್ಚಲು ಅದು ಎಂದೂ ಅನುಮತಿ ಕೊಡಲಿಲ್ಲ. ಆದರೂ ವ್ಯವಹಾರ ನಿಲ್ಲಲಿಲ್ಲ. ಯಂತ್ರಗಳಿಗೆ ಬಳಸುವ ದ್ರವ ಸುಲಭವಾಗಿ ಸಿಗುತ್ತಿತ್ತು. ಸೂಜಿ ಹಿಡಿಯುವ ಕೈ ವೈದ್ಯರದೇ ಆಗಿರಬೇಕೆಂದೂ ಇರಲಿಲ್ಲ. ವರ್ಷಗಳು ಕಳೆದಂತೆ ಗಂಟುಗಟ್ಟಿದ, ಹುಣ್ಣಾದ ಎದೆಗಳೊಂದಿಗೆ ಹೆಂಗಸರು ಆಸ್ಪತ್ರೆಗಳಿಗೆ ಬರತೊಡಗಿದರು. ದ್ರವ ಹೊಟ್ಟೆಯ ಕಡೆಗೂ ತೋಳಿನ ಕಡೆಗೂ ಜಾರಿತ್ತು. ಅನೇಕರ ಸ್ತನಗಳನ್ನು ಪೂರ್ತಿಯಾಗಿ ತೆಗೆದುಹಾಕಬೇಕಾಯಿತು. 1975ರಲ್ಲಿ ಲಾಸ್ ವೇಗಸ್ ಇರುವ ನೆವಾಡ ರಾಜ್ಯವು ಸಿಲಿಕೋನ್ ಚುಚ್ಚುವುದನ್ನು ಘೋರ ಅಪರಾಧವೆಂದು ಕಾನೂನು ಮಾಡಿತು. ಕಾನೂನು ಬಂತು, ಆದರೆ ಒಳಗೆ ಹೋದದ್ದು ಹೊರಗೆ ಬರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿಯಬೇಕು. 1962ರಲ್ಲಿ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಕ್ರೋನಿನ್ ಮತ್ತು ಜೆರೋ ಎಂಬ ಇಬ್ಬರು ಶಸ್ತ್ರವೈದ್ಯರು ಸಿಲಿಕೋನ್ ಜೆಲನ್ನು ಸಿಲಿಕೋನ್‌ನದೇ ಚೀಲದಲ್ಲಿ ತುಂಬಿ ಎದೆಯೊಳಗೆ ಇಡುವ ಕ್ರಮವನ್ನು ಆರಂಭಿಸಿದರು. ಈ ಚೀಲಗಳಿಗೂ ತಮ್ಮದೇ ದೋಷಗಳಿವೆ: ಗಟ್ಟಿಯಾಗುತ್ತವೆ, ಒಡೆಯುತ್ತವೆ. 1992ರಿಂದ 2006ರವರೆಗೆ ಅಮೆರಿಕದಲ್ಲಿ ಅವುಗಳ ಬಳಕೆಗೆ ಬಹುಮಟ್ಟಿಗೆ ತಡೆಯಿತ್ತು. ಆದರೆ ಕೆಟ್ಟ ಚೀಲವನ್ನು ಶಸ್ತ್ರವೈದ್ಯರು ಕೈಯಲ್ಲಿ ಹಿಡಿದು ಹೊರತೆಗೆಯಬಹುದು. ಚುಚ್ಚಿದ ದ್ರವಕ್ಕೆ ಚೀಲವಿಲ್ಲ, ಗಡಿಯಿಲ್ಲ. ಹಿಟ್ಟಿಗೆ ಹಾಕಿ ನಾದಿದ ಎಣ್ಣೆಯನ್ನು ಮತ್ತೆ ಬೇರೆ ಮಾಡುವುದು ಹೇಗೆ ಅಸಾಧ್ಯವೋ ಇದೂ ಹಾಗೆಯೇ. ತೆಗೆಯಬೇಕೆಂದರೆ ಅದು ಹೊಕ್ಕ ಮಾಂಸವನ್ನೂ ಜೊತೆಗೆ ತೆಗೆಯಬೇಕು.

ಚೀನಾದ ಜೆಲ್

ಇಷ್ಟಾದ ಮೇಲೂ ಕಥೆ ಮುಗಿಯಲಿಲ್ಲ. 1980ರ ದಶಕದ ಕೊನೆಯಲ್ಲಿ, ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಉಕ್ರೇನಿನಲ್ಲಿ, ಪಾಲಿಅಕ್ರಿಲಮೈಡ್ ಎಂಬ ವಸ್ತುವಿನ ಜೆಲ್ ಬಳಕೆಗೆ ಬಂತು. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ನೀರು. ಉಳಿದದ್ದು ಆ ನೀರನ್ನು ಹಿಡಿದಿಡುವ ಜಾಲ. ಪಾಲಿಅಕ್ರಿಲಮೈಡನ್ನು ಕೊಳೆನೀರಿನ ಶುದ್ಧೀಕರಣದಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಬಳಸುವುದುಂಟು. ‘ಹೆಚ್ಚಿನದೆಲ್ಲ ನೀರೇ ಅಲ್ಲವೇ, ಭಯವೇನು?’ ಎಂಬುದು ಹೊಸ ಮಾತು. ತರ್ಕ ಮಾತ್ರ ವಿಯೆನ್ನಾದ್ದೇ.

1997ರ ಕೊನೆಯಲ್ಲಿ ಈ ಬಗೆಯ ಜೆಲ್‌ಗೆ ಚೀನಾದಲ್ಲಿ ಅನುಮತಿ ಸಿಕ್ಕಿತು. ಆ ದೇಶ ಆಗತಾನೇ ಹೊಸ ಐಶ್ವರ್ಯವನ್ನು ಕಾಣುತ್ತಿತ್ತು. ನಗರಗಳಲ್ಲಿ ಸೌಂದರ್ಯಗೃಹಗಳು ಅಣಬೆಗಳಂತೆ ಎದ್ದಿದ್ದವು. ಚುಚ್ಚಿಸಿಕೊಂಡವರ ಸಂಖ್ಯೆ ಲಕ್ಷಗಳನ್ನು ಮುಟ್ಟಿತೆಂದು ಅಂದಾಜು. ಕೆಲವು ವರ್ಷಗಳಲ್ಲಿಯೇ ದೂರುಗಳು ಬಂದವು: ಗಂಟು, ನೋವು, ಬಾವು, ಎರಡು ಎದೆಗಳಲ್ಲಿ ಏರುಪೇರು, ಜೆಲ್ ಜಾರಿ ಕಂಕುಳಿಗೆ ಅಥವಾ ಹೊಟ್ಟೆಯ ಕಡೆಗೆ ಇಳಿಯುವುದು.

ಇವುಗಳಲ್ಲಿ ಅತ್ಯಂತ ಮರುಕ ಹುಟ್ಟಿಸುವುದು ತಾಯಂದಿರ ಸ್ಥಿತಿ. ಮದುವೆಗೆ ಮುಂಚೆ ಜೆಲ್ ಚುಚ್ಚಿಸಿಕೊಂಡ ಹುಡುಗಿ ಮುಂದೆ ಬಸುರಿಯಾಗಿ ಹೆರುತ್ತಾಳೆ. ಹಾಲು ತುಂಬಿದಾಗ ಎದೆಯೊಳಗೆ ಜೆಲ್‌ಗೂ ಹಾಲಿಗೂ ನಡುವೆ ಇದ್ದ ತಡೆ ಸಡಿಲವಾಗುತ್ತದೆ. ಹಾಲಿನ ನಾಳಗಳ ಮೂಲಕ ರೋಗಾಣುಗಳು ಹೊಕ್ಕು ಇಡೀ ಜೆಲ್ ಕೀವಿನ ಮಡುವಾಗುತ್ತದೆ. ಎಷ್ಟೋ ಬಾಣಂತಿಯರು ಮಗುವಿಗೆ ಎದೆಹಾಲು ನಿಲ್ಲಿಸಿ ಶಸ್ತ್ರಕ್ರಿಯೆಗೆ ಒಳಗಾಗಬೇಕಾಯಿತು. ಚುಚ್ಚಿಸಿಕೊಂಡ ದಿನ ಆ ಹುಡುಗಿ ಮಗುವನ್ನು ನೆನೆದಿರಲಿಲ್ಲ, ನೆನೆಸಬೇಕಾದವರು ವೈದ್ಯರಾಗಿದ್ದರು.

2006ರ ಏಪ್ರಿಲ್ 30ರಂದು ಚೀನಾ ಸರ್ಕಾರ ಈ ಜೆಲ್‌ನ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ಅನುಮತಿ ಕೊಟ್ಟು ಒಂಬತ್ತು ವರ್ಷವೂ ತುಂಬಿರಲಿಲ್ಲ. ಆದರೆ ಅಂದು ಚುಚ್ಚಿಸಿಕೊಂಡವರಿಗೆ ತೊಂದರೆ ಕಾಣಿಸಿಕೊಳ್ಳುವುದು ನಿಷೇಧದ ದಿನಕ್ಕೆ ನಿಲ್ಲಲಿಲ್ಲ. ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ನಂತರ ಬಂದವರ ವಿವರಗಳನ್ನು ವೈದ್ಯಕೀಯ ಪತ್ರಿಕೆಗಳು ಪ್ರಕಟಿಸುತ್ತಲೇ ಇವೆ.

ಎರಡು ಬೇರೆ ವಸ್ತುಗಳನ್ನೂ ಹೇಳಿಬಿಡಬೇಕು. ದೇಹದಲ್ಲಿ ತಾನಾಗಿ ಕರಗುವ ಹಯಲುರಾನಿಕ್ ಆಮ್ಲದ ಜೆಲ್ ಒಂದನ್ನು ಸ್ವೀಡನ್ನಿನ ಕಂಪನಿಯೊಂದು 2008ರ ಸುಮಾರಿಗೆ ಯೂರೋಪಿನಲ್ಲಿ ಎದೆಯ ಬಳಕೆಗೂ ತಂದಿತು. ಅದು ಎದೆಯ ಎಕ್ಸ್‌ರೇ ಪರೀಕ್ಷೆಗೆ ಅಡ್ಡಿಯಾಗುತ್ತದೆಂಬ ಚಿಂತೆಯಿಂದ 2012ರಲ್ಲಿ ಎದೆಯ ಮಟ್ಟಿಗೆ ಅದನ್ನು ಹಿಂತೆಗೆದುಕೊಂಡರು. ಇನ್ನೊಂದು, ಆಕೆಯದೇ ಕೊಬ್ಬನ್ನು ಹೊಟ್ಟೆ ಅಥವಾ ತೊಡೆಯಿಂದ ತೆಗೆದು ಎದೆಗೆ ತುಂಬುವುದು. ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘ 1987ರಲ್ಲಿ ಇದನ್ನು ಬೇಡವೆಂದಿತ್ತು. ಹೆಚ್ಚಿನ ಅನುಭವ ಬಂದ ಮೇಲೆ 2009ರಲ್ಲಿ ಆ ನಿಲುವನ್ನು ಸಡಿಲಿಸಿತು. ಕೊಬ್ಬು ನಮ್ಮದೇ ಆದ್ದರಿಂದ ದೇಹ ಅದನ್ನು ಶತ್ರುವೆಂದು ಕಾಣುವುದಿಲ್ಲ. ಆದರೂ ಒಂದು ಭಾಗ ಕರಗಿಹೋಗುತ್ತದೆ, ಕೆಲವೆಡೆ ಎಣ್ಣೆಯ ಗುಳ್ಳೆಗಳೂ ಸುಣ್ಣದ ಚುಕ್ಕೆಗಳೂ ಉಳಿಯುತ್ತವೆ. ಇಪ್ಪತ್ತೆರಡು ವರ್ಷ ಕಾದು, ನೋಡಿ, ನಿಲುವು ಬದಲಿಸಿದ್ದು ಈ ಇಡೀ ಇತಿಹಾಸದಲ್ಲಿ ಅಪರೂಪದ ವಿವೇಕ.

ಕರಗದ ಜೆಲ್‌ಗಳು ಮಾತ್ರ ಹೊಸ ಹೊಸ ಹೆಸರಿನಲ್ಲಿ ಬರುತ್ತಲೇ ಇದ್ದವು. 2019ರಲ್ಲಿ ಜಪಾನಿನ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘಗಳು ಒಟ್ಟಾಗಿ, ದೇಹದಲ್ಲಿ ಕರಗದ ಯಾವ ವಸ್ತುವನ್ನೂ ಎದೆಗೆ ಚುಚ್ಚಬಾರದೆಂದು ಹೇಳಿಕೆ ಕೊಡಬೇಕಾಯಿತು. ಮೊದಲು ಸಿಲಿಕೋನ್ ಚುಚ್ಚಿದ ದೇಶವೇ ಅರ್ಧ ಶತಮಾನದಾಚೆ ಅದೇ ಎಚ್ಚರಿಕೆಯನ್ನು ಮತ್ತೆ ಹೇಳಬೇಕಾಯಿತು. ಮೈಯ ಆಕಾರ ತಿದ್ದಲು ಸಿಲಿಕೋನ್ ಚುಚ್ಚಿಸಿಕೊಳ್ಳಬೇಡಿರೆಂದು ಅಮೆರಿಕದ ಔಷಧ ಆಡಳಿತವೂ 2017ರಲ್ಲಿ ಜನರನ್ನು ಎಚ್ಚರಿಸಿತು.

ಮುಚ್ಚಿಟ್ಟ ಮಾತಿನ ಬೆಲೆ

ಹೀಗೆ ವಸ್ತು ಬದಲಾಯಿತು, ದೇಶ ಬದಲಾಯಿತು, ತಪ್ಪು ಬದಲಾಗಲಿಲ್ಲ. ಏಕೆ? ಮೊದಲ ಕಾರಣವನ್ನು ಆಗಲೇ ಹೇಳಿದೆವು: ಫಲ ತಿಂಗಳುಗಳಲ್ಲಿ ಕಾಣುತ್ತದೆ, ಹಾನಿ ದಶಕಗಳಲ್ಲಿ ಕಾಣುತ್ತದೆ, ಅಷ್ಟು ಕಾಲ ಕಾದು ನೋಡುವ ಸಹನೆ ಮಾರುವವರಿಗೂ ಇಲ್ಲ, ಕೊಳ್ಳುವವರಿಗೂ ಇಲ್ಲ.

ಎರಡನೆಯ ಕಾರಣ ಸಂಕೋಚ. ಎದೆ ಹುಣ್ಣಾದ ಹೆಂಗಸು ಯಾರಲ್ಲಿ ಹೇಳಿಕೊಳ್ಳಬೇಕು? ಗಂಡನಿಗೆ ಹೇಳಿರುವುದಿಲ್ಲ, ತಾಯಿಗೆ ಹೇಳಿರುವುದಿಲ್ಲ. ಹೇಳಿದರೆ ‘ಬೇಡದ್ದನ್ನು ಮಾಡಿಕೊಂಡೆ, ಅನುಭವಿಸು’ ಎಂಬ ಉತ್ತರ. ಚುಚ್ಚಿದವನು ಊರು ಬಿಟ್ಟಿರುತ್ತಾನೆ. ಅವಳು ಸುಮ್ಮನಿರುತ್ತಾಳೆ. ಅವಳು ಸುಮ್ಮನಿದ್ದುದರಿಂದ ಪಕ್ಕದ ಮನೆಯವಳಿಗೆ ತಿಳಿಯುವುದಿಲ್ಲ; ಅವಳೂ ಅದೇ ಬಾಗಿಲನ್ನು ತಟ್ಟುತ್ತಾಳೆ. ಚುಚ್ಚುವವರ ವ್ಯಾಪಾರಕ್ಕೆ ಈ ಮೌನಕ್ಕಿಂತ ದೊಡ್ಡ ಬಂಡವಾಳ ಇನ್ನೊಂದಿಲ್ಲ.

ಈ ಮೌನಕ್ಕೆ ಜೀವವನ್ನೇ ತೆರಬೇಕಾಗಬಹುದು. ಚುಚ್ಚಿದ ವಸ್ತುವೇ ಕ್ಯಾನ್ಸರ್ ತರುತ್ತದೆಂದು ಸಿದ್ಧವಾಗಿಲ್ಲ. ಆದರೆ ಅದು ಕ್ಯಾನ್ಸರನ್ನು ಅಡಗಿಸುತ್ತದೆ. ಮ್ಯಾಮೋಗ್ರಾಮ್ ಎಂಬ ಎದೆಯ ಎಕ್ಸ್‌ರೇಯಲ್ಲಿ ಮೇಣದ, ಸಿಲಿಕೋನ್‌ನ ಹನಿಗಳು ಬಿಳಿಯ ಮಚ್ಚೆಗಳಾಗಿ ತುಂಬಿಕೊಂಡರೆ ಅವುಗಳ ಹಿಂದಿನ ಸಣ್ಣ ಗಡ್ಡೆ ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಅಲ್ಟ್ರಾಸೌಂಡಿನಲ್ಲಿ ಸಿಲಿಕೋನ್ ಬಿರುಸಾಗಿ ಸುರಿಯುವ ಹಿಮದಂತೆ ಕಂಡು ಹಿಂದಿನದನ್ನೆಲ್ಲ ಮಸುಕಾಗಿಸುತ್ತದೆ. ಕೈಗೆ ಸಿಗುವ ಗಂಟು ಹಳೆಯ ಚುಚ್ಚುಮದ್ದಿನದೋ ಹೊಸ ರೋಗದ್ದೋ ಎಂದು ಹೇಳುವುದು ಕಷ್ಟ. ಅಂಥವರಿಗೆ ಎಂ.ಆರ್.ಐ. ಪರೀಕ್ಷೆ ಬಹಳ ನೆರವಾಗುತ್ತದೆ. ಆದರೆ ಅದನ್ನು ಮಾಡಿಸಬೇಕೆಂದು ವೈದ್ಯರಿಗೆ ತೋಚಬೇಕಾದರೆ ಆಕೆ ಮೊದಲು ಬಾಯಿಬಿಡಬೇಕು. ಒಂದೇ ಒಂದು ವಾಕ್ಯ ಹೇಳಿದ್ದರೆ ಉಳಿಯಬಹುದಾದ ಜೀವ, ಹೇಳದೆ ಹೋದರೆ ಉಳಿಯದಿರಬಹುದು.

ನಾವು ಹೊರನಾಡ ಕನ್ನಡಿಗರು ದೊಡ್ಡ ನಗರಗಳಲ್ಲಿ ಬಾಳುವವರು. ನಗರದ ಸೌಕರ್ಯವೂ ನಮ್ಮದು, ನಗರದ ಜಾಹೀರಾತೂ ನಮ್ಮದು. ಗಾಯವಿಲ್ಲ, ನೋವಿಲ್ಲ, ಊಟದ ಬಿಡುವಿನಲ್ಲಿ ಹೋಗಿ ಬರಬಹುದು ಎಂಬ ಮಾತು ನಮ್ಮ ಹೆಣ್ಣುಮಕ್ಕಳ ಕಿವಿಗೂ ಬೀಳುತ್ತದೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಚೆನ್ನಾಗಿ ಕಾಣಬೇಕೆಂಬ ಆಸೆ ಅಪರಾಧವಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಕಲಿಸಿದರೆ ಸಾಕು. ಒಳಗೆ ಹೋಗುವ ವಸ್ತುವಿನ ಹೆಸರೇನು? ಎದೆಗೆ ಬಳಸಲು ಅದಕ್ಕೆ ಸರ್ಕಾರದ ಅನುಮತಿ ಇದೆಯೇ? ಚುಚ್ಚುವವರು ಅರ್ಹ ಶಸ್ತ್ರವೈದ್ಯರೇ? ಬೇಡವೆನಿಸಿದರೆ ಅದನ್ನು ಪೂರ್ತಿ ಹೊರತೆಗೆಯಲು ಸಾಧ್ಯವೇ? ಇಪ್ಪತ್ತು ವರ್ಷದ ಹಿಂದೆ ಇದನ್ನು ಮಾಡಿಸಿಕೊಂಡವರು ಇಂದು ಹೇಗಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಎದ್ದು ಬರುವುದೇ ಸರಿ.

ಇನ್ನು ಈಗಾಗಲೇ ಮಾಡಿಸಿಕೊಂಡವರಿದ್ದರೆ ಅವರು ಹೆದರಬೇಕಾಗಿಲ್ಲ. ಎಲ್ಲರಿಗೂ ತೊಂದರೆ ಬಂದೇ ಬರುತ್ತದೆಂದಲ್ಲ. ಆದರೆ ಎದೆಯನ್ನು ಪರೀಕ್ಷಿಸುವ ಪ್ರತಿ ವೈದ್ಯರಿಗೂ, ಎಕ್ಸ್‌ರೇ ತೆಗೆಯುವವರಿಗೂ ಮೊದಲು ಆ ವಿಷಯವನ್ನು ತಿಳಿಸಬೇಕು. ಗಂಟು, ಕೆಂಪು, ನೋವು, ಸೋರುವಿಕೆ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಚುಚ್ಚಿದವನ ಬಳಿಗೇ ಮತ್ತೆ ಹೋಗದೆ ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರನ್ನು ಕಾಣಬೇಕು. ನಮ್ಮ ಸಂಘಗಳು ಆರೋಗ್ಯ ಶಿಬಿರ ನಡೆಸುವಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆಗೆ ಈ ವಿಷಯವನ್ನೂ ಕೇಳಲು ಒಬ್ಬ ಮಹಿಳಾ ವೈದ್ಯರನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರೆ ಎಷ್ಟೋ ಉಪಕಾರವಾದೀತು.

ಮಗಳೋ ಸೊಸೆಯೋ ತಂಗಿಯೋ ಒಂದು ದಿನ ಹತ್ತಿರ ಬಂದು, ‘ನಾನು ಹೀಗೆ ಮಾಡಿಸಿಕೊಂಡಿದ್ದೆ, ಈಗ ನೋಯುತ್ತಿದೆ’ ಎಂದರೆ, ಏಕೆ ಮಾಡಿಸಿಕೊಂಡೆ ಎಂದು ಕೇಳುವುದು ಬೇಡ. ಅವಳ ಜೊತೆಯಲ್ಲಿ ಆಸ್ಪತ್ರೆಗೆ ಹೊರಡೋಣ. ನೂರಿಪ್ಪತ್ತೈದು ವರ್ಷಗಳಲ್ಲಿ ಈ ಹೆಂಗಸರಿಗೆ ಸಿಗದೆ ಹೋದದ್ದು ಆ ಜೊತೆಯೇ.